ಲಕೋಟೆ ಕಳೆದ ಕಾಗದ

ಹಿಂದಿನವರು ಮನೆಗೆ ಕಾಗದ ಬರೆಯುತ್ತಿದ್ದ ಕ್ರಮ ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. “ತೀರ್ಥರೂಪು ತಂದೆಯವರ ಚರಣಾರವಿಂದಗಳಲ್ಲಿ ಮಾಡುವ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ, ಸಾಂಪ್ರತ” ಎಂದು ಅದು ಮೊದಲಾಗುತ್ತಿತ್ತು. ಇಡೀ ಕಾಗದವನ್ನು ಸೋಸಿ ನೋಡಿದರೂ ತಂದೆಯ ಹೆಸರು ಸಿಕ್ಕುತ್ತಿರಲಿಲ್ಲ. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಅವಿನಯವೆಂಬ ಭಾವನೆ ಒಂದು ಕಾರಣ. ಹೆಸರಿನ ಅಗತ್ಯವೇ ಇರಲಿಲ್ಲವೆಂಬುದು ಇನ್ನೊಂದು. ಯಾವ ಊರಿನ, ಯಾವ ಬೀದಿಯ, ಯಾರ ಮನೆಯ ತಂದೆ ಎಂಬುದನ್ನು ತಿಳಿಯಬೇಕಾದವನು ಅಂಚೆಯವನು, ಅವನಿಗಾಗಿ ಲಕೋಟೆಯಿತ್ತು. ಲಕೋಟೆಯ ಮೇಲಿನ ಬರಹ ಅಂಚೆಯವನ ಪಾಲು, ಒಳಗಿನ ಬರಹ ಮನೆಯವರ ಪಾಲು. ಈ ಎರಡು ಪಾಲುಗಳು ಬೆರೆಯಬಾರದೆಂಬ ಕಟ್ಟಳೆಯ ಮೇಲೆಯೇ ಅಂಚೆಯ ವ್ಯವಹಾರವೆಲ್ಲ ನಿಂತಿದೆ.

ಇ-ಮೇಲಿಗೂ ಇಂಥದೊಂದು ಲಕೋಟೆಯುಂಟೆಂದರೆ ದಿನಕ್ಕೆ ನೂರು ಮೇಲ್ ಕಳುಹಿಸುವವರೂ ನಂಬಲಾರರು. ನಾವು ಪರದೆಯ ಮೇಲೆ ಕಾಣುವುದು ಕಾಗದವನ್ನು ಮಾತ್ರ. ‘ಫ್ರಮ್’, ‘ಟು’, ‘ಸಬ್ಜೆಕ್ಟ್’ ಎಂದು ತಲೆಯ ಮೇಲೆ ಬರೆದಿರುವ ಸಾಲುಗಳು ಕೂಡ ಕಾಗದಕ್ಕೇ ಸೇರಿದವು. ತೀರ್ಥರೂಪು ಸಮಾನವಾದ ಒಕ್ಕಣೆ ಅವು, ವಿಳಾಸವಲ್ಲ. ಕಾಗದವನ್ನು ಸಾಗಿಸುವ ಯಂತ್ರಗಳು ಅವನ್ನು ಓದುವುದಿಲ್ಲ. ಒಂದು ಯಂತ್ರ ಇನ್ನೊಂದನ್ನು ಸಂಪರ್ಕಿಸಿ ಮೊದಲು, “ಇಂಥವರು ಕಳುಹಿಸಿದ್ದೊಂದಿದೆ” ಎನ್ನುತ್ತದೆ. ಆಮೇಲೆ, “ಇಂಥವರಿಗೆ ತಲುಪಬೇಕು” ಎನ್ನುತ್ತದೆ. ಮೂವರಿಗಾದರೆ ಮೂರು ಹೆಸರು ಹೇಳುತ್ತದೆ. ಅತ್ತ ಕಡೆಯ ಯಂತ್ರ ಒಪ್ಪಿಕೊಂಡ ಬಳಿಕವೇ ಕಾಗದವನ್ನು ಒಪ್ಪಿಸುವುದು. ಆ ಮೊದಲೆರಡು ಮಾತುಗಳೇ ಲಕೋಟೆ. ೧೯೮೨ರ ಆಗಸ್ಟಿನಲ್ಲಿ ಈ ಏರ್ಪಾಡನ್ನು ಕ್ರಮಪಡಿಸಿದಾಗ ಸಾಗಾಣಿಕೆಯ ನಿಯಮಗಳನ್ನು ಜಾನ್ ಪೋಸ್ಟಲ್ ಒಂದು ದಸ್ತಾವೇಜಿನಲ್ಲಿಯೂ, ಕಾಗದದ ಒಕ್ಕಣೆಯ ನಿಯಮಗಳನ್ನು ಡೇವಿಡ್ ಕ್ರಾಕರ್ ಬೇರೊಂದರಲ್ಲಿಯೂ ಬರೆದರು. ಎರಡು ದಸ್ತಾವೇಜುಗಳಾದದ್ದು ಎರಡು ಪಾಲುಗಳಿರುವುದರಿಂದ. ನಾವು ‘ಬಿಸಿಸಿ’ ಎಂದು ಗುಟ್ಟಾಗಿ ಒಬ್ಬರಿಗೆ ಪ್ರತಿ ಕಳುಹಿಸಲು ಸಾಧ್ಯವಾಗಿರುವುದು ಕೂಡ ಇದರಿಂದಲೇ: ಆ ಹೆಸರು ಲಕೋಟೆಯ ಮೇಲಿರುತ್ತದೆ, ಕಾಗದದಲ್ಲಿ ಇರುವುದಿಲ್ಲ.

ಈ ಏರ್ಪಾಡಿಗೆ ಒಂದು ನಿಬಂಧನೆಯುಂಟು: ಎರಡು ಯಂತ್ರಗಳೂ ಎಚ್ಚರವಾಗಿರಬೇಕು. ಹಗಲಿರುಳು ತಂತಿಗೆ ಅಂಟಿಕೊಂಡಿರುವ ವಿಶ್ವವಿದ್ಯಾನಿಲಯಕ್ಕೆ ಇದು ಸರಿ. ದಿನಕ್ಕೆ ನಾಲ್ಕು ಸಲ ದೂರವಾಣಿಯ ಮೂಲಕ ಹತ್ತು ಹತ್ತು ನಿಮಿಷ ಸಂಪರ್ಕ ಪಡೆಯುವ ಬಡ ಕಚೇರಿಗೆ ಕಾಗದ ತಲುಪುವುದು ಹೇಗೆ?

ಪ್ರಶ್ನೆ ಹೊಸದಲ್ಲ, ಉತ್ತರವೂ ಹಳೆಯದೇ. ಬೆಲ್ ಪ್ರಯೋಗಾಲಯದ ಮೈಕ್ ಲೆಸ್ಕ್ ೧೯೭೦ರ ದಶಕದಲ್ಲಿ ರಚಿಸಿ, ೧೯೭೯ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಹೊರಬಂದ ಯುಯುಸಿಪಿ ಎಂಬ ವ್ಯವಸ್ಥೆಯಲ್ಲಿ ಯಂತ್ರಗಳು ಒಂದಕ್ಕೊಂದು ದೂರವಾಣಿ ಮಾಡಿ, ತಮ್ಮಲ್ಲಿ ಕೂಡಿಟ್ಟಿದ್ದ ಕಾಗದಗಳ ಕಟ್ಟನ್ನು ವಿನಿಮಯ ಮಾಡಿಕೊಂಡು ಸುಮ್ಮನಾಗುತ್ತಿದ್ದವು. ನಮ್ಮ ದೇಶದಲ್ಲಿಯೂ, ೧೯೮೬ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭಿಸಿದ ಅರ್ನೆಟ್ ಯೋಜನೆಯಲ್ಲಿ, ಮೊದಮೊದಲ ಇ-ಮೇಲು ಹೀಗೆಯೇ ದೂರವಾಣಿಯ ಮೇಲೆ ಓಡಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಆ ಯೋಜನೆಯ ಆರಂಭದ ಪಾಲುದಾರರಲ್ಲಿ ಒಂದು. ಯುಯುಸಿಪಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶವೊಂದಿದೆ. ಒಂದೊಂದು ಕಾಗದಕ್ಕೂ ಅಲ್ಲಿ ಎರಡು ಕಡತಗಳು: ಒಂದರಲ್ಲಿ ಕಾಗದ, ಇನ್ನೊಂದರಲ್ಲಿ, “ಇದನ್ನು ಇಂಥಿಂಥವರಿಗೆ ಹಂಚು” ಎಂಬ ಅಪ್ಪಣೆ. ಕಟ್ಟು ಎಷ್ಟು ಹೊತ್ತು ಎಲ್ಲಿ ಬಿದ್ದಿದ್ದರೂ ಲಕೋಟೆ ಕಾಗದದ ಜೊತೆಯಲ್ಲಿಯೇ ಬರುತ್ತಿತ್ತು.

ಮುಂದೆ ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. ಸೆಕೆಂಡಿಗೆ ೯.೬ ಕಿಲೋಬಿಟ್ ವೇಗ. ಒಬ್ಬ ವ್ಯಕ್ತಿಗೆ ೨೫೦ ಗಂಟೆಗಳಿಗೆ ೫,೦೦೦ ರೂಪಾಯಿ. ೧೯೯೮ರ ನವೆಂಬರಿನಲ್ಲಿ ಖಾಸಗಿಯವರಿಗೂ ಈ ವ್ಯಾಪಾರಕ್ಕೆ ಅವಕಾಶ ದೊರೆತ ಮೇಲೆ ಸಣ್ಣಪುಟ್ಟ ಕಚೇರಿಗಳೆಲ್ಲ ತಮ್ಮ ಹೆಸರಿನದೇ ವಿಳಾಸವನ್ನು ಮಾಡಿಕೊಳ್ಳತೊಡಗಿದವು. ಆಗ ನಾನಿದ್ದದ್ದು ಬೆಂಗಳೂರಿನ ಪೀಣ್ಯದಲ್ಲಿ, ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಕಚೇರಿಯಲ್ಲಿ. ನಲವತ್ತು ಜನ, ಹದಿನಾರು ಗಣಕಯಂತ್ರಗಳು, ಒಂದು ಮೋಡೆಮ್. ೧೯೯೯ರಲ್ಲಿ ಈ ನಲವತ್ತು ಜನರಿಗೂ ಇ-ಮೇಲ್ ವಿಳಾಸ ಕೊಡುವ ಹೊಣೆ ನನ್ನ ತಲೆಗೆ ಬಂದಿತು.

ನಮಗೆ ಅಂತರಜಾಲದ ಸಂಪರ್ಕ ಒದಗಿಸಿದ ಸಂಸ್ಥೆಯವರ ಏರ್ಪಾಡು ಅಗ್ಗವಾಗಿತ್ತು. ಕಚೇರಿಯ ವಿಳಾಸಕ್ಕೆ ಯಾರ ಹೆಸರಿಗೆ ಏನೇ ಬರಲಿ, ಎಲ್ಲವನ್ನೂ ಅವರು ಒಂದೇ ಅಂಚೆಪೆಟ್ಟಿಗೆಗೆ ಸುರಿಯುತ್ತಿದ್ದರು. ಎರಡು ಗಂಟೆಗೊಮ್ಮೆ ನಮ್ಮ ಮೇಲ್ ಸರ್ವರ್ ದೂರವಾಣಿ ತಿರುಗಿಸಿ, ಪೆಟ್ಟಿಗೆಯಲ್ಲಿದ್ದುದನ್ನು ಬಾಚಿ ತಂದು, ಕಚೇರಿಯ ಒಳಜಾಲದಲ್ಲಿ ಅವರವರಿಗೆ ಹಂಚಬೇಕು. ಪೆಟ್ಟಿಗೆಯಿಂದ ಬಾಚುವ ಈ ವಿಧಾನಕ್ಕೆ ಪಾಪ್ ಎಂದು ಹೆಸರು. ಬಿಡಿಸಿ ಹೇಳಿದರೆ ‘ಅಂಚೆಕಚೇರಿಯ ನಿಯಮಾವಳಿ’ ಎಂದರ್ಥ. ೧೯೮೪ರಲ್ಲಿ ಮೊದಲು ರೂಪುಗೊಂಡ ಈ ನಿಯಮಾವಳಿಯು ಒಬ್ಬ ಮನುಷ್ಯ ತನ್ನ ಒಂದು ಪೆಟ್ಟಿಗೆಯನ್ನು ತೆರೆದು ನೋಡುವುದಕ್ಕೆಂದು ಹುಟ್ಟಿದ್ದು. ತನ್ನ ಪೆಟ್ಟಿಗೆಯಲ್ಲಿರುವುದೆಲ್ಲ ತನಗೇ ಬಂದದ್ದು ತಾನೇ? ಆದ್ದರಿಂದ ಕಾಗದ ಪೆಟ್ಟಿಗೆಗೆ ಬಿದ್ದೊಡನೆ ಲಕೋಟೆಯ ಕೆಲಸ ಮುಗಿಯಿತೆಂದು ಯಂತ್ರವು ಅದನ್ನು ಕಿತ್ತೆಸೆಯುತ್ತದೆ. ಅಂಚೆಕಚೇರಿಯ ಹೆಸರು ಹೊತ್ತ ವಿಧಾನವೇ ಲಕೋಟೆಯನ್ನು ಹರಿದೆಸೆಯುವುದೆಂದರೆ ವಿನೋದವೆನ್ನಬೇಕು. ಒಬ್ಬನ ಪೆಟ್ಟಿಗೆಯಾದರೆ ತೊಂದರೆಯಿಲ್ಲ. ನಲವತ್ತು ಜನರ ಪೆಟ್ಟಿಗೆಯಾದರೆ, ಊರ ಅಂಚೆಕಚೇರಿಯವರು ಎಲ್ಲ ಲಕೋಟೆಗಳನ್ನೂ ಹರಿದು, ಒಳಗಿನ ಹಾಳೆಗಳನ್ನಷ್ಟೇ ಚೀಲಕ್ಕೆ ತುಂಬಿ, “ನೀವೇ ಹಂಚಿಕೊಳ್ಳಿ” ಎಂದು ಕಳುಹಿಸಿದಂತೆ.

ಹಂಚಲು ಉಳಿದ ದಾರಿ ಒಂದೇ, ಒಕ್ಕಣೆಯನ್ನು ನೋಡಿ ಊಹಿಸುವುದು. ನಮ್ಮ ಸರ್ವರ್ ‘ಟು’ ಎಂಬ ಸಾಲನ್ನೂ ‘ಸಿಸಿ’ ಎಂಬ ಸಾಲನ್ನೂ ಓದಿ, ಅಲ್ಲಿ ಕಂಡ ಹೆಸರಿನವರಿಗೆ ಕಾಗದವನ್ನು ಕೊಡುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಊಹೆ ಸರಿಹೋಗುತ್ತಿತ್ತೆಂಬುದು ನಿಜ; ಹಾಗೆ ಸರಿಹೋಗುತ್ತಿದ್ದುದರಿಂದಲೇ ಈ ಏರ್ಪಾಡು ಇಷ್ಟು ಕಚೇರಿಗಳಲ್ಲಿ ಇಷ್ಟು ವರ್ಷ ನಡೆಯಿತು.

ಹತ್ತನೆಯದರ ವಿಚಾರ ಹೇಳಬೇಕು. ಜರ್ಮನಿಯ ಗಿರಾಕಿಯೊಬ್ಬರು ನಮ್ಮಲ್ಲಿ ಮೂವರಿಗೆ ಒಂದೇ ಕಾಗದ ಬರೆದರೆನ್ನೋಣ. ಸಂಸ್ಥೆಯವರ ಯಂತ್ರ ಒಬ್ಬೊಬ್ಬರ ಹೆಸರಿಗೂ ಒಂದೊಂದರಂತೆ ಮೂರು ಪ್ರತಿಗಳನ್ನು ಪೆಟ್ಟಿಗೆಗೆ ಹಾಕುತ್ತಿತ್ತು. ನಮ್ಮ ಸರ್ವರ್ ಮೊದಲನೆಯ ಪ್ರತಿಯನ್ನು ತೆರೆದು ನೋಡಿದರೆ ಮೂರು ಹೆಸರು, ಮೂವರಿಗೂ ಕೊಟ್ಟಿತು. ಎರಡನೆಯದರಲ್ಲಿಯೂ ಮೂರು ಹೆಸರು, ಮತ್ತೆ ಮೂವರಿಗೂ. ಮೂರನೆಯದೂ ಹಾಗೆಯೇ. ಮೂರು ಕಾಗದ ಒಂಬತ್ತಾಯಿತು. ಐವರಿಗೆ ಬರೆದಿದ್ದರೆ ಇಪ್ಪತ್ತೈದು. ನಮ್ಮ ನಕ್ಷೆ ವಿಭಾಗದ ಮಿತ್ರರು ಪ್ರತಿದಿನ ಬೆಳಗ್ಗೆ ಒಂದೇ ಕಾಗದವನ್ನು ಐದು ಸಲ ಅಳಿಸುವುದನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದರು. ಇದಕ್ಕಿಂತ ಕೆಟ್ಟದ್ದು, ಹಲವರಿಗೆ ಒಟ್ಟಾಗಿ ಹಂಚಿಕೆಯಾಗುವ ಕಾಗದ. ಅದರ ‘ಟು’ ಸಾಲಿನಲ್ಲಿ ನಮ್ಮವರ ಹೆಸರಿರುವುದಿಲ್ಲ; ಹಂಚಿಕೆಯ ಪಟ್ಟಿಯ ವಿಳಾಸವಿರುತ್ತದೆ. ಎಚ್ಚರವಿಲ್ಲದ ಸರ್ವರ್ ಅದನ್ನು ಕಂಡು, “ಓಹೋ, ಇದು ಅಲ್ಲಿಗೆ ಹೋಗಬೇಕಾದದ್ದು” ಎಂದು ಬಂದ ಕಾಗದವನ್ನು ಮರಳಿ ಪಟ್ಟಿಗೇ ಕಳುಹಿಸುತ್ತದೆ. ಪಟ್ಟಿ ಅದನ್ನು ಮತ್ತೆ ಎಲ್ಲರಿಗೂ ಹಂಚುತ್ತದೆ. ಪೆಟ್ಟಿಗೆಯಿಂದ ಬಾಚುವ ಕೆಲಸಕ್ಕೆ ಹೆಸರಾದ ಫೆಚ್‌ಮೇಲ್ ಎಂಬ ತಂತ್ರಾಂಶದ ಕೈಪಿಡಿಯೇ, ಒಂದು ಪೆಟ್ಟಿಗೆಯನ್ನು ಹಲವರಿಗೆ ಹಂಚುವ ಈ ಪದ್ಧತಿಯ ಅಪಾಯಗಳ ವಿಷಯದಲ್ಲಿ ಬಳಸುವವರನ್ನು ಎಚ್ಚರಿಸುತ್ತದೆ.

ಯಾರಿಗೆಂದು ಗೊತ್ತಾಗದ ಕಾಗದಗಳು ಪೋಸ್ಟ್‌ಮಾಸ್ಟರಿಗೆ ಬರುತ್ತಿದ್ದವು. ಇದು ನಾನು ಇಟ್ಟ ಹೆಸರಲ್ಲ. ಇ-ಮೇಲ್ ಪಡೆಯುವ ಪ್ರತಿಯೊಂದು ತಾಣದಲ್ಲಿಯೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸವೊಂದು ಇರಲೇಬೇಕೆಂದು ೧೯೮೨ರ ಆ ನಿಯಮಗಳಲ್ಲಿಯೇ ವಿಧಿಸಿದೆ. ನಮ್ಮಲ್ಲಿ ಆ ಪದವಿ ನನ್ನದಾಗಿತ್ತು. ಸಂಬಳದಲ್ಲಿ ವ್ಯತ್ಯಾಸವಿಲ್ಲ.

ಒಂದು ಸೋಮವಾರ ಆ ಪೆಟ್ಟಿಗೆಯಲ್ಲಿ ಒಂದು ಕಾಗದವಿತ್ತು. ‘ಟು’ ಎಂಬಲ್ಲಿ ಕಳುಹಿಸಿದವನ ಸ್ವಂತ ವಿಳಾಸ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಮೊದಲನೆಯ ಮಾತು, “ಅಕ್ಕ”.

ಯಾರ ಅಕ್ಕ? ನಮ್ಮ ನಲವತ್ತು ಜನರಲ್ಲಿ ಹನ್ನೊಂದು ಮಂದಿ ಹೆಂಗಸರು. ಅಮೆರಿಕದಲ್ಲಿ ತಮ್ಮನಿರುವವರು ಮೂವರೆಂದು ನನಗೆ ಗೊತ್ತಿತ್ತು, ಗೊತ್ತಿಲ್ಲದವರು ಇನ್ನೆಷ್ಟೋ. ಯಂತ್ರಗಳು ಕಾಗದವನ್ನು ಕೈ ಬದಲಿಸುವಾಗ ಅದರ ನೆತ್ತಿಯ ಮೇಲೆ ಅಂಚೆಮುದ್ರೆಯಂತೆ ಒಂದೊಂದು ಸಾಲು ಒತ್ತುತ್ತವೆ. ಕೆಲವು ಯಂತ್ರಗಳು ಆ ಮುದ್ರೆಯಲ್ಲಿ “ಇಂಥವರಿಗಾಗಿ” ಎಂದೂ ಸೇರಿಸುವುದುಂಟು. ನಮ್ಮ ಸಂಸ್ಥೆಯವರ ಯಂತ್ರ ಅದನ್ನು ಸೇರಿಸುತ್ತಿರಲಿಲ್ಲ. ಕಳುಹಿಸಿದವನ ವಿಳಾಸವೂ ಮೊಟಕಾದ ಎರಡು ಅಕ್ಷರ ಮತ್ತು ಒಂದು ಸಂಖ್ಯೆ. ಕಾಗದವನ್ನು ಹಾಗೆಯೇ ಹಿಂದಿರುಗಿಸಬಹುದಾಗಿತ್ತು. ಆದರೆ ಮೊದಲ ಸಾಲಿನಲ್ಲಿಯೇ, “ಬುಧವಾರದೊಳಗೆ ನಿನ್ನ ಮಾತು ತಿಳಿಯಬೇಕು” ಎಂದಿತ್ತು. ಓದದೆ ಗತ್ಯಂತರವಿರಲಿಲ್ಲ. ಓದಿದೆ. ತಂದೆ ಬಿಟ್ಟುಹೋದ ಮನೆಯ ಭಾಗದ ವಿಚಾರ. ಅಣ್ಣಂದಿರು ಒಂದು ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ, ಅಕ್ಕ ಸಹಿ ಹಾಕಬಾರದು, ಈ ಮಾತು ತಾನು ಹೇಳಿದೆನೆಂದು ಯಾರಿಗೂ ತಿಳಿಯಬಾರದು ಎಂದು ತಮ್ಮನು ಬೇಡಿಕೊಂಡಿದ್ದ. ತಿಳಿಯಬಾರದೆಂದೇ ಅವನು ಅಕ್ಕನ ವಿಳಾಸವನ್ನು ‘ಬಿಸಿಸಿ’ಯಲ್ಲಿ ಬರೆದದ್ದು. ಎರಡನೆಯ ಪುಟದಲ್ಲಿ ಮಂಡ್ಯದ ಕಡೆಯ ಒಂದು ಹಳ್ಳಿಯ ಹೆಸರು ಬಂದಾಗ, ಇದು ಲೆಕ್ಕಪತ್ರ ವಿಭಾಗದ ಹಿರಿಯ ಮಹಿಳೆಯೊಬ್ಬರದೆಂದು ನನಗೆ ತಿಳಿಯಿತು.

ಮುದ್ರಿಸಿ, ಮಡಿಸಿ, ಒಂದು ಲಕೋಟೆಯಲ್ಲಿಟ್ಟು ಅವರ ಮೇಜಿಗೆ ಒಯ್ದು ಕೊಟ್ಟೆ.

“ಮೇಡಂ, ಇದು ನಿಮ್ಮದೆಂದು ಕಾಣುತ್ತದೆ.”

ಅವರು ಬಿಡಿಸಿ ಒಂದೆರಡು ಸಾಲು ನೋಡಿದರು. ಮುಖ ತಿರುಗಿಸದೆಯೇ, “ನನ್ನದು ಅಂತ ಹೇಗೆ ಗೊತ್ತಾಯಿತು ನಿಮಗೆ?” ಎಂದರು.

ನಾನು ಪಾಪ್ ಎಂದರೇನು, ಲಕೋಟೆಯೆಂದರೇನು ಎಂದು ವಿವರಿಸಿದೆ. ಅವರು ಕೇಳಿಸಿಕೊಂಡರು, ಲೆಕ್ಕ ಬಲ್ಲವರು, ಅರ್ಥವೂ ಆಯಿತು. “ಅಂದರೆ ಓದಿದಿರಿ” ಎಂದರು. ಹೌದೆಂದೆ. “ಇರಲಿ ಬಿಡಿ” ಎಂದು ಕಾಗದವನ್ನು ಕೈಚೀಲದೊಳಗೆ ಇಟ್ಟುಕೊಂಡರು. ಆಮೇಲೆ ಎಷ್ಟೋ ದಿನ ನನ್ನನ್ನು ಕಂಡರೆ ಅವರು ಮೊದಲಿನಂತೆ ಮಾತನಾಡುತ್ತಿರಲಿಲ್ಲ. ಸಹಜವೇ. ಮನೆಯ ಗುಟ್ಟನ್ನು ಬಲ್ಲ ಹೊರಗಿನವನನ್ನು ಯಾರು ತಾನೇ ನೋಡಲು ಇಚ್ಛಿಸುತ್ತಾರೆ?

ಇದನ್ನು ಹೆಸರು ಹೇಳದೆ ನಮ್ಮ ಮ್ಯಾನೇಜರರಿಗೆ ತಿಳಿಸಿ, ಏರ್ಪಾಡನ್ನು ಬದಲಾಯಿಸಬೇಕೆಂದು ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ; ಆದರೆ, “ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬಿದ್ದರೆ ಒಳ್ಳೆಯದೇ ಅಲ್ಲವೇನಯ್ಯ? ಯಾರಿಗೆ ಏನು ಬರುತ್ತದೆ ಎಂದು ಒಂದು ಕಣ್ಣಿಟ್ಟಿರಬಹುದು” ಎಂದರು. ಈ ವಿಚಾರ ಅವರೊಬ್ಬರದಲ್ಲ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಏರ್ಪಡಿಸಿದ ಅಂಚೆಯವರು ಕಾಗದ ಸಾಗಿಸುವುದರ ಜೊತೆಗೆ ನಾಡಿನ ಸುದ್ದಿಯನ್ನು ಗುಟ್ಟಾಗಿ ಅರಮನೆಗೆ ಮುಟ್ಟಿಸುವ ಕೆಲಸವನ್ನೂ ಮಾಡುತ್ತಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ಕಾಗದ ಕೈಯಲ್ಲಿ ಹಾದುಹೋಗುವಾಗ ಇಣುಕಿ ನೋಡುವ ಆಸೆ ಅಷ್ಟು ಹಳೆಯದು. ಒಡೆಯರಿಗಾದರೂ ರಾಜ್ಯವೊಂದು ಕಾಯಬೇಕಾಗಿತ್ತು.

ಕೊನೆಗೆ ನನ್ನ ನೆರವಿಗೆ ಬಂದದ್ದು ದೂರವಾಣಿಯ ಬಿಲ್ಲು. ಒಳಗಿನ ಒಂಬತ್ತು ಪ್ರತಿಗಳಿಂದ ದುಡ್ಡು ಖರ್ಚಾಗುವುದಿಲ್ಲ; ಆದರೆ ಹೊರಗಿನ ಮೂರು ಪ್ರತಿಗಳು ದೂರವಾಣಿಯ ಮೇಲೆ ಮೂರು ಸಲ ಬರಬೇಕು. ಗಿರಾಕಿಗಳು ಕಳುಹಿಸುವ ನಕ್ಷೆಯೊಂದು ಎರಡು ಮೆಗಾಬೈಟ್ ತೂಗುತ್ತಿತ್ತು. ಮೂಲತಃ ಇ-ಮೇಲ್ ಬರಿಯ ಅಕ್ಷರಗಳನ್ನು ಒಯ್ಯಲು ಹುಟ್ಟಿದ್ದಾದ ಕಾರಣ ನಕ್ಷೆಯನ್ನು ಅಕ್ಷರಗಳಾಗಿ ಮಾರ್ಪಡಿಸಿ ಕಳುಹಿಸಬೇಕು. ಆಗ ಮೂರು ಪಾಲು ನಾಲ್ಕಾಗುತ್ತದೆ, ಎರಡು ಮೆಗಾಬೈಟ್ ಎರಡು ಮುಕ್ಕಾಲಿನ ಹತ್ತಿರ ಬರುತ್ತದೆ. ಪೀಣ್ಯದ ತಂತಿಗಳಲ್ಲಿ ನಮ್ಮ ಮೋಡೆಮಿಗೆ ಸಿಕ್ಕುತ್ತಿದ್ದುದು ಸೆಕೆಂಡಿಗೆ ಸುಮಾರು ಮೂರು ಕಿಲೋಬೈಟ್. ಒಂದು ಪ್ರತಿಗೆ ಹದಿನೈದು ನಿಮಿಷ. ಮೂರಕ್ಕೆ ಮುಕ್ಕಾಲು ಗಂಟೆ. ಮೂರು ನಿಮಿಷಕ್ಕೊಂದರಂತೆ ಎಣಿಕೆ ಹಾಕಿದರೆ ಐದು ಕರೆಗಳ ಬದಲು ಹದಿನೈದು ಕರೆಗಳ ಹಣ. ಜೊತೆಗೆ ಅಂತರಜಾಲದ ಗಂಟೆಗಳು ಬೇರೆ ಕರಗುತ್ತಿದ್ದವು. ಒಂದು ತಿಂಗಳ ಲೆಕ್ಕ ಬರೆದು ಮ್ಯಾನೇಜರರ ಮುಂದಿಟ್ಟೆ. ಲಕೋಟೆಯಿದ್ದರೆ ಅದರ ಮೇಲೆ ಮೂರು ಹೆಸರು ಬರೆದು ಕಾಗದವನ್ನು ಒಂದೇ ಸಲ ತರಬಹುದೆಂದು ಹೇಳಿದೆ. ಅವರು ಕನ್ನಡಕ ತೆಗೆದು, ಹಾಕಿಕೊಂಡು, ಮತ್ತೊಮ್ಮೆ ನೋಡಿ, “ಮಾಡಿಬಿಡಿ” ಎಂದರು.

ಮಾಡಿದ್ದು ಇಷ್ಟು. ೧೯೮೨ರ ನಿಯಮಗಳಲ್ಲಿಯೇ ‘ಟರ್ನ್’ ಎಂಬ ಒಂದು ಅಪ್ಪಣೆಯಿತ್ತು: ಕರೆ ಮಾಡಿದ ಯಂತ್ರ ತನ್ನ ಕಾಗದಗಳನ್ನು ಕೊಟ್ಟಾದ ಮೇಲೆ, “ಇನ್ನು ನೀನು ಕೊಡು” ಎಂದು ಪಾತ್ರ ಬದಲಿಸುವುದು. ಒಳ್ಳೆಯ ಉಪಾಯ, ಆದರೆ ಕರೆ ಮಾಡಿದವನು ತಾನು ಯಾರೆಂದು ಹೇಳುತ್ತಾನೋ ಅದನ್ನು ನಂಬಬೇಕು. ಇನ್ನೊಬ್ಬರ ಹೆಸರು ಹೇಳಿ ಅವರ ಅಂಚೆಯನ್ನೆಲ್ಲ ಎತ್ತಿಕೊಂಡು ಹೋಗಬಹುದಾಗಿತ್ತು. ಆದ್ದರಿಂದ ಅದು ಬಳಕೆ ತಪ್ಪಿತು. ೧೯೯೬ರಲ್ಲಿ ಅದರ ಬದಲಿಗೆ ಇಟಿಆರ್‌ಎನ್ ಎಂಬುದು ಬಂದಿತು. ಇದರಲ್ಲಿ ನಮ್ಮ ಯಂತ್ರ, “ನಾನು ಎದ್ದಿದ್ದೇನೆ, ನಮ್ಮ ಕಾಗದಗಳನ್ನು ಕಳುಹಿಸು” ಎಂದಷ್ಟೇ ಕೂಗುತ್ತದೆ. ಸಂಸ್ಥೆಯ ಯಂತ್ರ ಆ ಸಂಪರ್ಕದಲ್ಲಿ ಏನನ್ನೂ ಕೊಡುವುದಿಲ್ಲ; ತನ್ನ ದಾಖಲೆಯಲ್ಲಿರುವ ನಮ್ಮ ನಿಜವಾದ ಸಂಖ್ಯೆಗೆ ತಾನೇ ಬೇರೆ ಸಂಪರ್ಕ ಮಾಡಿ, ಸರತಿಯಲ್ಲಿ ಕಾದಿದ್ದ ಕಾಗದಗಳನ್ನು ಲಕೋಟೆಯ ಸಮೇತ ಒಪ್ಪಿಸುತ್ತದೆ. ಕಳ್ಳನು ಕೂಗಿದರೂ ಕಾಗದ ಬರುವುದು ನಮ್ಮ ಮನೆಗೇ. ಇದಕ್ಕೆ ಬದಲಾಗದ ಅಂತರಜಾಲ ಸಂಖ್ಯೆಯೊಂದು ಬೇಕು. ಪ್ರತ್ಯೇಕ ಶುಲ್ಕ ತೆತ್ತು ಪಡೆದೆವು. ಸಂಖ್ಯೆ ಬದಲಾಗುತ್ತಿದ್ದವರಿಗಾಗಿ, ಗುರುತನ್ನು ಮೊದಲು ಪರೀಕ್ಷಿಸಿ ಅದೇ ಸಂಪರ್ಕದಲ್ಲಿ ಪಾತ್ರ ಬದಲಿಸುವ ಎಟಿಆರ್‌ಎನ್ ಎಂಬ ವಿಧಾನವನ್ನು ೧೯೯೯ರಲ್ಲಿ ಪ್ರಕಟಿಸಿದರು.

ಹೊಸ ಏರ್ಪಾಡಿನಲ್ಲಿ ಬೇರೊಂದು ಚಿಕ್ಕ ತೊಡಕಿತ್ತು. ಸರತಿಯಲ್ಲಿ ಕಾಗದ ನಾಲ್ಕು ಗಂಟೆ ಕಾದರೆ ಸಂಸ್ಥೆಯ ಯಂತ್ರ, “ಇನ್ನೂ ತಲುಪಿಲ್ಲ, ಐದು ದಿನ ಪ್ರಯತ್ನಿಸುತ್ತೇವೆ” ಎಂದು ಕಳುಹಿಸಿದವರಿಗೆ ಎಚ್ಚರಿಕೆ ಕೊಡುತ್ತಿತ್ತು. ಭಾನುವಾರ ಕಚೇರಿಗೆ ಬೀಗ. ಸೋಮವಾರ ಬೆಳಗ್ಗೆ ಜರ್ಮನಿಯ ಗಿರಾಕಿಗಳು, ನೀವೆಲ್ಲ ಕ್ಷೇಮವೇ ಎಂದು ದೂರವಾಣಿಯಲ್ಲಿ ವಿಚಾರಿಸುವರು. ಎಚ್ಚರಿಕೆಯ ಅವಧಿಯನ್ನು ಎರಡು ದಿನಕ್ಕೆ ಏರಿಸುವಂತೆ ಸಂಸ್ಥೆಯವರನ್ನು ಕೇಳಿಕೊಂಡ ಮೇಲೆ ಅದೂ ನಿಂತಿತು. ಭಾನುವಾರ ನಮ್ಮ ಕ್ಷೇಮ ವಿಚಾರಿಸುವವರಿಲ್ಲವಾಯಿತೆಂದು ಮ್ಯಾನೇಜರರು ಹಾಸ್ಯ ಮಾಡಿದರು.

ಪೋಸ್ಟ್‌ಮಾಸ್ಟರನ ಪೆಟ್ಟಿಗೆಗೆ ಆಮೇಲೆ ಬರುತ್ತಿದ್ದುದು, ಹೆಸರಿನ ಕಾಗುಣಿತ ತಪ್ಪಿದ ಕಾಗದಗಳು ಮಾತ್ರ. ಅವುಗಳ ಲಕೋಟೆಯನ್ನು ನೋಡಿದರೆ ಯಾರಿಗೆಂದು ತಿಳಿಯುತ್ತಿತ್ತು. ಒಳಗೆ ನೋಡಬೇಕಾದ ಪ್ರಸಂಗ ಬರಲಿಲ್ಲ. ಬದಲಾವಣೆಯಾದ ವಾರವೇ ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಆ ಹಿರಿಯರಿಗೆ ವಿಷಯ ತಿಳಿಸಿದೆ. “ಇನ್ನು ಮೇಲೆ ಓದುವುದಕ್ಕೆ ಆಗುವುದಿಲ್ಲವೋ?” ಎಂದು ಕೇಳಿದರು. ಸರ್ವರಿನ ಬೀಗದ ಕೈ ನನ್ನಲ್ಲಿರುವ ತನಕ ಮನಸ್ಸು ಮಾಡಿದರೆ ಓದಬಹುದು, ಆದರೆ ಓದಲೇಬೇಕಾದ ಕಾರಣ ಈಗ ಉಳಿದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಸಹಿ ಹಾಕಲಿಲ್ಲವೆಂದೂ, ಮನೆ ಇನ್ನೂ ಹಾಗೆಯೇ ಇದೆಯೆಂದೂ ತಾವಾಗಿ ತಿಳಿಸಿದರು. ತಮ್ಮನಿಗೆ ಆ ಸೋಮವಾರವೇ ಬರೆದು, ಕಾಗದದ ತಲೆಯ ಮೇಲೆ ತಮ್ಮ ಪೂರ್ಣ ಹೆಸರು, ವಿಭಾಗ, ಕಾರ್ಖಾನೆಯ ವಿಳಾಸವನ್ನೆಲ್ಲ ಬರೆದು, “ಅಕ್ಕ” ಎಂಬುದನ್ನು ಆಮೇಲೆ ಬರೆಯಬೇಕೆಂದು ವಿಧಿಸಿದ್ದರಂತೆ. ಲಕೋಟೆ ಬಂದ ಮೇಲೂ ಅವನು ಆ ಪದ್ಧತಿಯನ್ನು ಬಿಡಲಿಲ್ಲ. ೨೦೦೬ರಲ್ಲಿ ಅವರು ನಿವೃತ್ತರಾಗುವವರೆಗೂ ಪಿನ್‌ಕೋಡಿನ ಸಮೇತ ಹಾಗೆಯೇ ಬರೆಯುತ್ತಿದ್ದನಂತೆ. ಅವರೇ ಹೇಳಿದ್ದು, ನಾನು ನೋಡಿಲ್ಲ.